ಮಂಚವಿಲ್ಲದ ಪರಂಪರೆ

ನಮ್ಮ ದೇಶದಲ್ಲಿ ಹಳೆಯ ಕಟ್ಟಡವೊಂದು ಬದುಕಿ ಉಳಿಯಬೇಕಾದರೆ ಅದರೊಳಗೆ ಮಂಚ ಇರಬೇಕು.

ಇದು ನನ್ನ ಕುಹಕವಲ್ಲ, ಸರ್ಕಾರದ ನಿಯಮ. 1950ಕ್ಕೆ ಮುಂಚೆ ಕಟ್ಟಿದ ಅರಮನೆ, ಕೋಟೆ, ಬೇಟೆ ಬಂಗಲೆಗಳಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 'ಹೆರಿಟೇಜ್ ಹೋಟೆಲ್' ಎಂಬ ಬಿರುದು ಕೊಡುತ್ತದೆ. ಷರತ್ತು ಇಷ್ಟೆ: ಕನಿಷ್ಠ ಐದು ಕೋಣೆ, ಹತ್ತು ಹಾಸಿಗೆ. ಐದಿದ್ದರೆ ಪರಂಪರೆ. ನಾಲ್ಕಿದ್ದರೆ ಹಳೇ ಮನೆ.

ಹಾಸಿಗೆ ಎಣಿಸುವುದೇ ಆದರೆ ಬೆಂಗಳೂರಿನ ಅಂಚಿನ ನಮ್ಮ ಚಂದಾಪುರಕ್ಕೆ ಸಾಟಿ ಯಾರು? ಬೊಮ್ಮಸಂದ್ರದ ಕಾರ್ಖಾನೆ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿ, ಎರಡಕ್ಕೂ ಜನ ಇಲ್ಲಿಂದಲೇ ಎದ್ದು ಹೋಗಬೇಕು. ಕೋಣೆಗೆ ನಾಲ್ಕು ಮಂಚ, ಮಹಡಿಗೊಂದು ಗೀಸರ್. ನಮ್ಮ ಪಿಜಿಗಳಿಗೆ ವಯಸ್ಸೊಂದು ಸಾಲದು. ಕಳೆ ಮಾತ್ರ ಆಗಲೇ ನೂರು ವರ್ಷದ್ದು.

ಇಂಥ ಊರಿನವರಿಗೆ ಶನಿವಾರ ಬಂತೆಂದರೆ ಪರಂಪರೆಯ ಹಸಿವು ಹೆಚ್ಚುತ್ತದೆ. ಐದು ದಿನ ಹೊಸೂರು ರಸ್ತೆಯಲ್ಲಿ ಕುಡಿದ ಹೊಗೆಯನ್ನು ಎರಡು ದಿನ ಮೈಸೂರಿನಲ್ಲಿ ಬಿಟ್ಟುಬರುವುದು ಪದ್ಧತಿ. ಮೊದಲು ನೈಸ್ ರಸ್ತೆಯ ಟೋಲ್. ಆಮೇಲೆ ದಶಪಥದ ಟೋಲ್. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಆ ಹೆದ್ದಾರಿಯ ಮುಖ್ಯ ಪಥಕ್ಕೆ ಅದೇ ಆಗಸ್ಟಿನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ರಾಜಧಾನಿಯಿಂದ ರಾಜರ ಊರಿಗೆ ಹೋಗುವ ರಸ್ತೆಗೂ ಈಗ ಅಂತಸ್ತು ಬಂದಿದೆ. (ಹಳದಿ ಮೆಟ್ರೊ 2025ರ ಆಗಸ್ಟಿನಲ್ಲಿ ನಮ್ಮತ್ತ ಬಂತು. ಬೊಮ್ಮಸಂದ್ರದವರೆಗೆ ಬಂದು, ಮುಂದೆ ಚಂದಾಪುರ ಎಂದು ಗೊತ್ತಾದೊಡನೆ ನಿಂತುಬಿಟ್ಟಿತು.)

ನಾನು ಇಳಿದುಕೊಂಡದ್ದು ಅರಮನೆಯ ಮಗ್ಗುಲಿನ ಹಳೆಯ ಹೋಟೆಲೊಂದರಲ್ಲಿ. ಹೆಸರು ಬೇಡ. ಬಾಗಿಲಲ್ಲಿ ಮೈಸೂರು ಪೇಟ ತೊಟ್ಟ ಹುಡುಗ ನಡು ಬಗ್ಗಿಸಿ ನಮಸ್ಕರಿಸಿದ. ನನ್ನ ಬೆನ್ನ ಹಿಂದೆ ಯಾರೋ ದೊಡ್ಡವರಿರಬೇಕೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ನಮಸ್ಕಾರ ಬಾಡಿಗೆಯಲ್ಲೇ ಸೇರಿದೆಯಂತೆ.

"ಪ್ಯಾಲೇಸ್ ವ್ಯೂ ಬೇಕಾ ಸರ್, ನಾರ್ಮಲ್ ಸಾಕಾ?" ಎಂದರು ಕೌಂಟರಿನಲ್ಲಿ.

ಪ್ಯಾಲೇಸ್ ವ್ಯೂ ಎಂದರೆ ಏನೆಂದು ಹೇಳುತ್ತೇನೆ ಕೇಳಿ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಏಳಕ್ಕೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಹತ್ತುತ್ತವೆ. ಏಳೂಮುಕ್ಕಾಲಿಗೆ ಆರುತ್ತವೆ. ಆ ಮುಕ್ಕಾಲು ಗಂಟೆ ಕಿಟಕಿಯಲ್ಲಿ ನಿಜಕ್ಕೂ ಅರಮನೆ ಇರುತ್ತದೆ. ಮಿಕ್ಕ ಇಪ್ಪತ್ತಮೂರೂಕಾಲು ಗಂಟೆ ಬಸ್ಸುಗಳ ಹಿಂಭಾಗ, ಟಾಂಗಾ ಕುದುರೆಯ ಲದ್ದಿ, ಬಲೂನು ಮಾರುವವನ ಪೀಪಿ, ಕೋಲಿನ ತುದಿಗೆ ಫೋನು ಸಿಕ್ಕಿಸಿ ಅರಮನೆಗೆ ಬೆನ್ನು ತಿರುಗಿಸಿ ನಿಂತ ಸಾವಿರ ಜನ. ಬೆಳಕಾದರೋ, ರಸ್ತೆಯಲ್ಲಿ ಚುರುಮುರಿ ತಿನ್ನುತ್ತ ನಿಂತವನಿಗೂ ಅಷ್ಟೇ ಕಂಡಿತು. ಅವನು ಕೊಟ್ಟದ್ದು ಚುರುಮುರಿಯ ದುಡ್ಡು ಮಾತ್ರ.

ಕೋಣೆಯ ಗೋಡೆಯಲ್ಲಿ ಸತ್ತ ಹುಲಿಯ ಮೇಲೆ ಕಾಲಿಟ್ಟ ಬಿಳಿಯ ದೊರೆಯ ಫೋಟೊ. ಅದರ ಕೆಳಗೆ ಚೀಟಿ: ಪರಿಸರ ಉಳಿಸಿ, ಟವೆಲ್ ಮತ್ತೆ ಬಳಸಿ. ಹುಲಿಯನ್ನು ಉಳಿಸಲಾಗಲಿಲ್ಲ, ಟವೆಲನ್ನಾದರೂ ಉಳಿಸೋಣ ಎಂಬ ಪಶ್ಚಾತ್ತಾಪವಿರಬೇಕು.

ಬಚ್ಚಲಲ್ಲಿ ತೊಟ್ಟಿ ಇತ್ತು, ನೀರಿರಲಿಲ್ಲ. ಕೇಳಿದೆ. "ಹೆರಿಟೇಜ್ ಪೈಪು ಸರ್, ಪ್ರೆಶರ್ ಬರಲ್ಲ" ಎಂದ ಹುಡುಗ. ನಮ್ಮ ಬಿಲ್ಡಿಂಗಿನಲ್ಲಿ ನಲ್ಲಿ ಸೊರಗಿದರೆ ಸಂಘದವರ ಮೇಲೆ ಹರಿಹಾಯುತ್ತೇವೆ. ಇಲ್ಲಿ ಅದೇ ಸೊರಗಿದ ನಲ್ಲಿಗೆ ರಾತ್ರಿಗಿಷ್ಟು ಎಂದು ತೆತ್ತು, ಮೇಲೆ ಜಿಎಸ್‌ಟಿ ಕೊಟ್ಟು, ಊರಿಗೆ ಬಂದು ಹೊಗಳುತ್ತೇವೆ. ಕೋಣೆ ಏಳೂವರೆ ಸಾವಿರ ದಾಟಿದರೆ ತೆರಿಗೆ ನೂರಕ್ಕೆ ಹದಿನೆಂಟು. ಪೂರ್ವಜರ ವೈಭವ ಪುಕ್ಕಟೆ ಅಲ್ಲ.

ಬೆಳಿಗ್ಗೆ ತಿಂಡಿಗೆ ಪಕ್ಕದ ಟೇಬಲಿನಲ್ಲಿ ನಮ್ಮ ಎಲೆಕ್ಟ್ರಾನಿಕ್ ಸಿಟಿಯವರೇ ಒಬ್ಬರು ಸಿಕ್ಕರು. "ಮಕ್ಕಳಿಗೆ ನಮ್ಮ ಕಲ್ಚರ್ ತೋರಿಸ್ಬೇಕು ಸರ್, ಅದಕ್ಕೇ ಹೆರಿಟೇಜ್ ಹೋಟ್ಲೇ ಬುಕ್ ಮಾಡ್ತೀನಿ" ಎಂದರು. ಮಕ್ಕಳು ಫೋನಿನಲ್ಲಿ ಕೊರಿಯಾದ ಕಲ್ಚರ್ ನೋಡುತ್ತಿದ್ದವು.

"ಊರಲ್ಲಿ ತಾತನ ತೊಟ್ಟಿ ಮನೆ ಇತ್ತಂತಲ್ಲ?" ಎಂದೆ.

"ಅಯ್ಯೋ, ಅದನ್ನ ಯಾರು ನೋಡ್ಕೋತಾರೆ ಸರ್? ಕೆಡವಿಸಿ ಸೈಟ್ ಮಾಡಿ ಮಾರಿದ್ವಿ. ಕಂಬ, ಬಾಗಿಲು ಎಲ್ಲ ಹಳೇ ಮರದೋನಿಗೆ ಕೊಟ್ವಿ. ಒಳ್ಳೇ ರೇಟ್ ಬಂತು."

ಆ ಕಂಬಗಳು ಈಗ ಯಾವುದೋ ರೆಸಾರ್ಟಿನ ಜಗಲಿಯಲ್ಲಿ ನಿಂತಿರುತ್ತವೆ. ಇವರು ಮುಂದಿನ ರಜೆಗೆ ಅಲ್ಲಿಗೇ ಹೋಗಿ, ಸ್ವಂತ ತಾತನ ಕಂಬಕ್ಕೆ ಒರಗಿ ಫೋಟೊ ತೆಗೆಸಿಕೊಂಡು, ಬೆಳಿಗ್ಗೆ ಹನ್ನೊಂದಕ್ಕೆ ಚೆಕ್‌ಔಟ್ ಮಾಡುತ್ತಾರೆ.

ಮನೆಯವರ ಕಥೆ ಹೀಗಾದರೆ ಸರ್ಕಾರದ್ದೇನು ಬೇರೆಯೇ? ಲಲಿತ ಮಹಲ್ ನೋಡಿ. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯರು ತಂಗಲೆಂದು ಕಟ್ಟಿಸಲು ತೊಡಗಿದ ಅರಮನೆ. ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲಿ. ಮಾದರಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್. 1974ರಲ್ಲಿ ಹೋಟೆಲಾಯಿತು. ಕೇಂದ್ರದ ಐಟಿಡಿಸಿ ನಡೆಸಿತು. 2018ರಲ್ಲಿ ರಾಜ್ಯದ ಕೈಗೆ ಬಂತು. ಮೆಟ್ರೊಪೋಲ್ ಹೋಟೆಲ್ ಕೂಡ ಹಾಗೆಯೇ, ಮಹಾರಾಜರ ಬ್ರಿಟಿಷ್ ಅತಿಥಿಗಳಿಗೆಂದು 1920ರ ಸುಮಾರಿಗೆ ಎದ್ದದ್ದು. ಎರಡಕ್ಕೂ ನೂರರ ಆಸುಪಾಸಿನ ವಯಸ್ಸು. ಎರಡೂ ಗಟ್ಟಿಯಾಗಿ ನಿಂತಿವೆ. ಮಂಚ ಇದೆಯಲ್ಲ.

ಈಗ ಅರಮನೆಯಿಂದ ಚಿಕ್ಕ ಗಡಿಯಾರ ಗೋಪುರದ ಕಡೆಗೆ ನಡೆದು ಬನ್ನಿ. ದೂರವೇನಲ್ಲ. ಕಾರು ಬೇಡ.

ಲ್ಯಾನ್ಸ್‌ಡೌನ್ ಕಟ್ಟಡ. ಅದೂ ಒಬ್ಬ ವೈಸರಾಯರ ಹೆಸರಿನದೇ. 1892ರದು. ಕೆಳಗೆ ಸಾಲು ಅಂಗಡಿ, ಅರ್ಧ ಬೆಲೆಗೆ ಹಳೆಯ ಪುಸ್ತಕ. ಮೈಸೂರಿನ ಎಷ್ಟೋ ಬಡ ವಿದ್ಯಾರ್ಥಿಗಳು ಪಾಸಾದದ್ದು ಆ ಅಂಗಡಿಗಳ ದಯೆಯಿಂದ. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಆಮೇಲೆ ಸಮಿತಿ ಬಂತು. ವರದಿ ಬಂತು. ತಜ್ಞರು ಬಂದರು. ಅಂಗಡಿಯವರು ಹೋದರು.

ದೇವರಾಜ ಮಾರುಕಟ್ಟೆ. ನೂರು ದಾಟಿದ್ದು. ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ. ಕುಂಕುಮದ ಗೋಪುರಗಳನ್ನು ಪ್ರವಾಸಿಗರು ಫೋಟೊ ಹೊಡೆಯುತ್ತಾರೆ, ಕೊಳ್ಳುವುದಿಲ್ಲ. 2016ರ ಆಗಸ್ಟಿನಲ್ಲಿ ಅದರ ಬಾಗಿಲ ಭಾಗವೂ ಕುಸಿಯಿತು. ದುರಸ್ತಿ ಮಾಡಬೇಕೋ, ಕೆಡವಿ ಹಾಗೇ ಕಾಣುವಂತೆ ಹೊಸದು ಕಟ್ಟಬೇಕೋ ಎಂಬ ಜಗಳ ಕೋರ್ಟು ಹತ್ತಿತು. ಕೆಡವಿ ಹಾಗೇ ಕಟ್ಟುವುದು! ಅಜ್ಜನಿಗೆ ಕೆಮ್ಮು ಬಂದರೆ ಔಷಧ ಯಾಕೆ, ಅದೇ ಮೀಸೆಯ ಇನ್ನೊಬ್ಬನನ್ನು ತಂದು ಕೂರಿಸಿದರಾಯಿತು ಎಂದ ಹಾಗೆ.

2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಸರದಿ. ಅದೃಷ್ಟ, ಹುಡುಗಿಯರು ಒಳಗಿರಲಿಲ್ಲ.

ಮಾರುಕಟ್ಟೆಯ ಒಡೆಯರು ಯಾರು? ನಗರಪಾಲಿಕೆ. ಕಾಲೇಜಿನ ಒಡೆಯರು? ಸರ್ಕಾರ. ಲಲಿತ ಮಹಲಿನ ಒಡೆಯರು? ಅದೇ ಸರ್ಕಾರ. ಅದೇ ಮಳೆ, ಅದೇ ಗಾರೆ, ಅದೇ ಕಾಲದ ಗೋಡೆ. ಒಂದಕ್ಕೆ ಸುಣ್ಣಬಣ್ಣ, ಇನ್ನೊಂದಕ್ಕೆ 'ಶಿಥಿಲ ಕಟ್ಟಡ, ಒಳಗೆ ಪ್ರವೇಶವಿಲ್ಲ' ಎಂಬ ಬೋರ್ಡು. ವೀಳ್ಯದೆಲೆಯವಳು ರಾತ್ರಿಗೆ ಹತ್ತು ಸಾವಿರ ಬಾಡಿಗೆ ಕೊಡಲಾರಳು. ಪುಸ್ತಕದಂಗಡಿಯವನು ಪೇಟ ಕಟ್ಟಿ ಬಗ್ಗುವುದಿಲ್ಲ. ಇನ್ನು ಹೆಣ್ಣುಮಕ್ಕಳು ಓದುವ ಕಟ್ಟಡಕ್ಕೆ ಯಾವ ವ್ಯೂ?

ದಸರೆಗೆ ಮಾತ್ರ ಎಲ್ಲವೂ ಪರಂಪರೆಯೇ. ಬಿರುಕು ಬಿಟ್ಟ ಗೋಡೆಗೂ ಬಣ್ಣದ ದೀಪ ಸುತ್ತುತ್ತಾರೆ. ದೀಪದ ಹಿಂದೆ ಬಿರುಕು ಕಾಣುವುದಿಲ್ಲ. ಹೋಟೆಲುಗಳ ದರ ಏರುತ್ತದೆ. ನಾಡಹಬ್ಬ ನೋಡಲು ನಾಡಿನವರು ಗೋಲ್ಡ್ ಕಾರ್ಡ್ ಕೊಳ್ಳಬೇಕು. ಕೊಳ್ಳಲಾಗದವರು ಪೊಲೀಸರ ಬೆನ್ನು ನೋಡಬೇಕು.

ಇಷ್ಟೆಲ್ಲ ಮೈಸೂರಿನ ಪಾಪ ಎಂದು ಕೈತೊಳೆದುಕೊಳ್ಳೋಣವೆಂದರೆ ನಮ್ಮೂರಿನಲ್ಲಿ ಕೈತೊಳೆಯುವಂಥ ನೀರಿಲ್ಲ. ಹಿರಿಯರು ಬಿಟ್ಟುಹೋದದ್ದು ನಮಗೂ ಒಂದಿತ್ತು. ಅರಮನೆಯಲ್ಲ, ಕೆರೆ. ಇಂದು ಅದರತ್ತ ಹೋಗುವವರು ಮೂಗು ಹಿಡಿಯಬೇಕು. ಮನೆಗಳ ಕೊಳಚೆ, ಕಾರ್ಖಾನೆಗಳ ಹೊಲಸು, ಎರಡಕ್ಕೂ ಒಂದೇ ದಾರಿ. ಅದೇ 2022ರ ಅಕ್ಟೋಬರಿನಲ್ಲಿ, ಅತ್ತ ಮಹಾರಾಣಿ ಕಾಲೇಜು ಕುಸಿದ ತಿಂಗಳಲ್ಲೇ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಚಂದಾಪುರ ಕೆರೆಯನ್ನು ಕಾಪಾಡಲಿಲ್ಲವೆಂದು ಕರ್ನಾಟಕ ಸರ್ಕಾರಕ್ಕೆ 500 ಕೋಟಿ ರೂಪಾಯಿ ಪರಿಹಾರ ಕಟ್ಟಲು ಹೇಳಿತು. ಐನೂರು ಕೋಟಿ! ಮೈಸೂರಿನ ದೊಡ್ಡ ಅರಮನೆ 1912ರಲ್ಲಿ ಮುಗಿದಾಗ ಆದ ಖರ್ಚು 41 ಲಕ್ಷ ಚಿಲ್ಲರೆ. ಅರಮನೆ ಕಟ್ಟಿ ಪ್ರಸಿದ್ಧರಾದ ಊರುಗಳಿವೆ. ನಾವು ಕೆರೆ ಕೆಡಿಸಿ ಪ್ರಸಿದ್ಧರಾದೆವು, ಅದೂ ಅರಮನೆಗಿಂತ ದುಬಾರಿಯಾಗಿ.

ಆದರೂ ಕೆರೆಯ ಹೆಸರು ಓಡುತ್ತದೆ. ಈ ಕಡೆ ಯಾವ ಬಿಲ್ಡರಿನ ಹಾಳೆ ಬಿಡಿಸಿದರೂ ಲೇಕ್ ವ್ಯೂ, ಲೇಕ್ ಬ್ರೀಜ್. ಚಿತ್ರದಲ್ಲಿ ನೀಲಿ ನೀರು, ಎರಡು ಹಂಸ. ಅಲ್ಲಿ ಪ್ಯಾಲೇಸ್ ವ್ಯೂಗೆ ಕೊಟ್ಟ ಹಾಗೆ ಇಲ್ಲಿ ಲೇಕ್ ವ್ಯೂಗೆ ಚದರಡಿಗೆ ಇಷ್ಟೆಂದು ಹೆಚ್ಚು ಕೊಡಬೇಕು. ಕೊಟ್ಟು ಗೃಹಪ್ರವೇಶ ಮಾಡಿ, ಮೊದಲ ಬೇಸಿಗೆಗೇ ಆ ಕಿಟಕಿ ಮುಚ್ಚಿ ಏಸಿ ಹಾಕಿಸಬೇಕು.

ಸರ್ಕಾರಕ್ಕೆ ನನ್ನದೊಂದು ಅರ್ಜಿ. ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಐದು ಕೋಣೆಗೆ ಹತ್ತು ಮಂಚ ಹಾಕಿಸಿ. ದೇವರಾಜ ಮಾರುಕಟ್ಟೆಯ ಮಹಡಿಯಲ್ಲಿ ಇನ್ನು ಹತ್ತು, ಬೇಕಿದ್ದರೆ 'ಕುಂಕುಮ ವ್ಯೂ' ಎಂದು ಹೆಚ್ಚಿಗೆ ವಸೂಲಿ ಮಾಡಿ. ಮಂಚಕ್ಕೆ ಪರದಾಡಬೇಕಿಲ್ಲ. ಚಂದಾಪುರದ ಪಿಜಿಗಳಿಂದ ಎರವಲು ಕೊಡಿಸುವ ಜವಾಬ್ದಾರಿ ನನ್ನದು.

ಕೆರೆಗೆ ಮಂಚ ಹಾಕಲಾಗುವುದಿಲ್ಲ, ಒಪ್ಪಿದೆ. ಹೊಲಸು ಬಿಟ್ಟವರ ಜೇಬಿಗೆ ಕೈಹಾಕಲೂ ನಿಮ್ಮಿಂದಾಗುವುದಿಲ್ಲ, ಅದೂ ಗೊತ್ತು. ಆ ಐನೂರು ಕೋಟಿ ಎಂದಾದರೂ ಕಟ್ಟುವುದಾದರೆ ನಮ್ಮ ತೆರಿಗೆಯಿಂದಲೇ ಕಟ್ಟುತ್ತೀರಿ. ಕಟ್ಟಿ. ನನ್ನ ಪಾಲಿಗೆ ಎಷ್ಟು ಬಿತ್ತೆಂದು ಒಂದು ರಸೀದಿ ಮಾತ್ರ ಕೊಡಿಸಿ. ಬೇಕಿದ್ದರೆ ಜಿಎಸ್‌ಟಿ ಸೇರಿಸಿಯೇ ಕೊಡಿ.