ವಾರಕ್ಕೆ ಮೂರು ದಿನ ಇಡೀ ನಾನು

ನಮ್ಮ ಬಡಾವಣೆಯ ಜಿಮ್ಮಿನ ಗೋಡೆಗೆ ಒಂದು ವೇಳಾಪಟ್ಟಿ ಅಂಟಿಸಿದ್ದಾರೆ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ, ಗುರುವಾರ ತೋಳು, ಶುಕ್ರವಾರ ಕಾಲು. ಮಾಂಸದಂಗಡಿಯ ದರಪಟ್ಟಿಯಂತಿರುವ ಈ ಹಾಳೆ ಇಪ್ಪತ್ತರ ಹುಡುಗರಿಗೆ ಸರಿ. ಅವರಿಗೆ ಮದುವೆ, ಮುಂಜಿ, ಗೃಹಪ್ರವೇಶಗಳ ಹಂಗಿಲ್ಲ. ಇದ್ದರೂ ಊಟದ ಹೊತ್ತಿಗೆ ಹೋದರೆ ಸಾಕು. ಐವತ್ತು ದಾಟಿದ ಸಂಸಾರಿಯ ವಾರ ಹಾಗೆ ನಡೆಯುವುದಿಲ್ಲ. ಎದೆಯ ದಿನ ಗ್ಯಾಸ್ ಸಿಲಿಂಡರ್ ಬರುತ್ತದೆ. ಬೆನ್ನಿನ ದಿನ ಬೆನ್ನೇ ಹಿಡಿದುಕೊಂಡಿರುತ್ತದೆ. ಕಾಲಿನ ಪಾಲಿಗೆ ಬಂದ ಶುಕ್ರವಾರದ ಕಥೆ ಕೇಳುವುದೇ ಬೇಡ. ಶ್ರಾವಣ ಬಂತೆಂದರೆ ಸಂಪತ್ ಶುಕ್ರವಾರ, ವರಮಹಾಲಕ್ಷ್ಮಿ, ಮನೆ ತುಂಬ ಮುತ್ತೈದೆಯರು. ತಿಂಗಳಿಡೀ ಸೊಂಟದ ಮೇಲಿನ ಮನುಷ್ಯ ಒಬ್ಬ, ಕೆಳಗಿನವನು ಇನ್ನೊಬ್ಬ.

ಅದಕ್ಕೇ ನನ್ನ ಓಟು ಫುಲ್ ಬಾಡಿ ವರ್ಕೌಟಿಗೆ. ಹೋದ ದಿನ ಇಡೀ ಮೈಗೆ ಸಾಮು. ವಾರಕ್ಕೆ ಎರಡೋ ಮೂರೋ ದಿನ. ನಡುವೆ ಒಂದು ದಿನವಾದರೂ ಬಿಡುವು. ಇದನ್ನು ಶಿಸ್ತಿನವರ ದಾರಿ ಎಂದು ಯಾರೋ ತಪ್ಪು ತಿಳಿದಿದ್ದಾರೆ. ಇದು ಸೋಮಾರಿಗಳಿಗಾಗಿಯೇ ಇರುವುದು. ಒಂದು ದಿನ ಚಕ್ಕರ್ ಹೊಡೆದರೂ ಯಾವ ಅಂಗಕ್ಕೂ ಪ್ರತ್ಯೇಕ ಅನ್ಯಾಯವಾಗುವುದಿಲ್ಲ, ಎಲ್ಲಕ್ಕೂ ಸಮಪಾಲು. ವಿಶ್ವ ಆರೋಗ್ಯ ಸಂಸ್ಥೆಯೂ ವಾರದಲ್ಲಿ ಎರಡು ದಿನವಾದರೂ ಮುಖ್ಯ ಸ್ನಾಯುಗಳಿಗೆಲ್ಲ ಬಲದ ಕೆಲಸ ಕೊಡಿ ಎನ್ನುತ್ತದೆ. ಅಂದರೆ ಮಿಕ್ಕ ಐದು ದಿನ ಸುಮ್ಮನಿರಲು ಜಿನೀವಾದಿಂದಲೇ ಅಪ್ಪಣೆ ಬಂದಿದೆ ಎಂದು ಮನೆಯಲ್ಲಿ ಓದಿ ಹೇಳಿದೆ. “ಅದರ ಹಿಂದಿನ ಸಾಲನ್ನೂ ಓದಿ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೀಬೇಕು ಅಂತಿಲ್ವಾ?” ಎಂದು ಅಡುಗೆಮನೆಯಿಂದ ಉತ್ತರ ಬಂತು. ಇತ್ತು. ಆಕೆಯೂ ಪತ್ರಿಕೆ ಓದುತ್ತಾಳೆ ಎಂಬುದೊಂದು ತೊಂದರೆ.

ಇಡೀ ಮೈ ಅಂದರೆ ಜಿಮ್ಮಿನಲ್ಲಿರುವ ಯಂತ್ರಗಳಿಗೆಲ್ಲ ಪ್ರದಕ್ಷಿಣೆ ಹಾಕಬೇಕು ಅಂತಲ್ಲ. ನಮ್ಮ ಟ್ರೈನರ್ ಹುಡುಗ, ಮೊದಲ ಸೆಟ್ಟಿನಲ್ಲಿ ‘ಸರ್’ ಎಂದವನು ಎರಡನೆಯದರಲ್ಲಿ ‘ಅಂಕಲ್’ಗೆ ಇಳಿಯುವವನು, ಚೆನ್ನಾಗಿ ಹೇಳಿದ: “ಐದೇ ಕೆಲಸ ಸರ್. ಕೂತು ಏಳೋದು, ಬಗ್ಗಿ ಎತ್ತೋದು, ತಳ್ಳೋದು, ಎಳೆಯೋದು, ಹೊತ್ಕೊಂಡು ನಡೆಯೋದು.” ಇದನ್ನೆಲ್ಲ ರೇಷನ್ ಅಂಗಡಿಯಲ್ಲಿ ಪುಕ್ಕಟೆ ಮಾಡಿಕೊಂಡು ಬಂದಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು. ಆದರೆ ಹುಡುಗನ ಮಾತಿನಲ್ಲಿ ಹುರುಳಿದೆ. ಇವೆಲ್ಲ ಒಂದೇ ಏಟಿಗೆ ಹಲವು ಕೀಲು, ಹಲವು ಸ್ನಾಯು ದುಡಿಯುವ ಕೆಲಸಗಳು. ಬಗ್ಗಿ ನಿಂತು ಡಂಬೆಲ್ ಎಳೆದರೆ ಬೆನ್ನಿನ ಜೊತೆ ಬೈಸೆಪ್ಸ್ ಕರೆಯದೆಯೇ ಬರುತ್ತದೆ. ಪುಷ್‌ಅಪ್‌ನಲ್ಲಿ ಎದೆ, ಭುಜ, ತೋಳಿನ ಹಿಂಬದಿ, ಕೊನೆಗೆ ಯಾವತ್ತೂ ಕೆಲಸ ಕಾಣದ ಹೊಟ್ಟೆಯೂ ಬಿಗಿಯಾಗುತ್ತದೆ. ಕನ್ನಡಿಯ ಮುಂದೆ ನಿಂತು ಗಂಟೆಗಟ್ಟಲೆ ಬೈಸೆಪ್ಸನ್ನೇ ಮುದ್ದಿಸುವವರಿಗೆ ಇದನ್ನು ಹೇಳಹೋಗಬೇಡಿ. ಅವರ ಸುಖ ಬೇರೆ.

ಐದರಲ್ಲಿ ಹಿರಿಯಣ್ಣ ಬಸ್ಕಿ. ತೊಡೆಯ, ಕುಂಡಿಯ ಸ್ನಾಯುಗಳೇ ಮೈಯಲ್ಲೆಲ್ಲ ದೊಡ್ಡವು; ದಮ್ಮಿರುವಾಗಲೇ ಅವುಗಳ ಕೆಲಸ ಮುಗಿಸುವುದು ಜಾಣತನ. ನಮ್ಮ ಪ್ರೈಮರಿ ಶಾಲೆಯ ಮೇಷ್ಟ್ರಿಗೆ ಇದು ಗೊತ್ತಿತ್ತೋ ಏನೋ, ಮಗ್ಗಿ ತಪ್ಪಿದವರಿಗೆಲ್ಲ ಕಿವಿ ಹಿಡಿಸಿ ಬಸ್ಕಿ ಹೊಡೆಸುತ್ತಿದ್ದರು. ಹದಿನೇಳರ ಮಗ್ಗಿಯ ಕೃಪೆಯಿಂದ ನನ್ನ ತೊಡೆ ಗಟ್ಟಿಯಿತ್ತು. ಕ್ಯಾಲ್ಕುಲೇಟರ್ ಬಂದ ಮೇಲೆ ಸೊರಗಿತು.

ಮೈಸೂರಿನ ಗರಡಿಮನೆಗಳಲ್ಲಿ ಈ ಬಿಡಿಬಿಡಿ ಲೆಕ್ಕವೇ ಇಲ್ಲ. ದಂಡ, ಬಸ್ಕಿ, ಗದೆ ತಿರುಗಿಸುವುದು, ಕೊನೆಗೆ ಕೆಮ್ಮಣ್ಣಿನ ಮಟ್ಟಿ. ದಸರಾ ಕುಸ್ತಿಗೆ ಇಳಿಯುವ ಪೈಲ್ವಾನನಿಗೆ ಯಾವ ಉಸ್ತಾದರಾದರೂ “ಇವತ್ತು ಎಡಭುಜ ಮಾತ್ರ ಸಾಕಪ್ಪ” ಎಂದಾರೆಯೇ? ಎದುರಾಳಿ ವೇಳಾಪಟ್ಟಿ ನೋಡಿ ಪಟ್ಟು ಹಾಕುವುದಿಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ಬಾರ್‌ಬೆಲ್ಲಿನ ಜೊತೆಗೇ ಸೂರ್ಯನಮಸ್ಕಾರವನ್ನೂ ಹೇಳಿಕೊಟ್ಟವರು. ಅದೇ ಕೈಯಲ್ಲಿ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆದರು. ಫುಲ್ ಬಾಡಿ ಎಂದರೆ ಅದು, ತಲೆಯೂ ಸೇರಿ! ನಮ್ಮ ಕಾದಂಬರಿಕಾರರಲ್ಲಿ ಎಷ್ಟು ಜನ ಅಂಗಿ ಬಿಚ್ಚಿ ಫೋಟೋಗೆ ನಿಲ್ಲಬಲ್ಲರು ಎಂದು ಯೋಚಿಸಿ, ಭಯವಾಗಿ, ಯೋಚನೆ ಬಿಟ್ಟಿದ್ದೇನೆ.

ಇನ್ನು ನೋವು. ಅದು ಆವತ್ತೇ ಬರುವುದಿಲ್ಲ. ಜಿಮ್ಮಿನಿಂದ ಸಿಳ್ಳೆ ಹಾಕುತ್ತ ಬಂದು, ರಾತ್ರಿ ನಿದ್ದೆ ಮಾಡಿ, “ಇಷ್ಟೇನಾ” ಎಂದುಕೊಂಡಾಗ ಮೆಲ್ಲಗೆ ಶುರುವಾಗಿ, ಎರಡನೆಯ ದಿನ ತಾರಕಕ್ಕೇರುತ್ತದೆ. ಲ್ಯಾಕ್ಟಿಕ್ ಆಸಿಡ್ ಕೂತಿದೆ ಎಂದು ಜಿಮ್ಮಿನ ಪಂಡಿತರು ಹೇಳುವುದನ್ನು ನಂಬಬೇಡಿ. ಅದು ವ್ಯಾಯಾಮ ನಿಲ್ಲಿಸಿದ ಸ್ವಲ್ಪ ಹೊತ್ತಿಗೇ ರಕ್ತದಿಂದ ಇಳಿದಿರುತ್ತದೆ. ಅಭ್ಯಾಸವಿಲ್ಲದ ದುಡಿಮೆಯಿಂದ ಸ್ನಾಯುವಿನ ಎಳೆಗಳಿಗಾದ ಸಣ್ಣಪುಟ್ಟ ಗಾಯದ ನೋವು ಇದು. ಭಾರವನ್ನು ತಡೆತಡೆದು ಇಳಿಸುವಾಗ ಹೆಚ್ಚು ಆಗುವಂಥದ್ದು. ಅಂಥದೊಂದು ದಿನ ಅತ್ತೆಯ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತವನು, ಮಂಗಳಾರತಿಯಾಗಿ ಜನ ಎಲೆ ಮುಂದೆ ಕೂತರೂ ಎದ್ದಿರಲಿಲ್ಲ. ಅಳಿಯಂದಿರ ಭಕ್ತಿಯನ್ನು ನಮ್ಮತ್ತೆ ಇವತ್ತಿಗೂ ನಾಲ್ಕು ಜನರ ಮುಂದೆ ಕೊಂಡಾಡುತ್ತಾರೆ.

ಬಿಡುವಿನ ದಿನವೇ ಸ್ನಾಯು ರಿಪೇರಿಯಾಗುವುದು, ಗಟ್ಟಿಯಾಗುವುದು. ಆದ್ದರಿಂದ ಆವತ್ತು ಸೋಫಾದಲ್ಲಿ ಬಿದ್ದುಕೊಂಡವನನ್ನು ಎಬ್ಬಿಸಿ ಕರೆಂಟ್ ಬಿಲ್ ಕಟ್ಟಲು ಕಳಿಸುವುದು ವಿಜ್ಞಾನಕ್ಕೆ ವಿರುದ್ಧ. ರಿಪೇರಿಗೆ ಪ್ರೋಟೀನ್ ಬೇಕು, ನಿಜ; ಸಾಮಾನ್ಯ ಮನುಷ್ಯನಿಗೆ ಮೈತೂಕದ ಕಿಲೋಗೆ 0.83 ಗ್ರಾಂ ಎಂಬುದು ನಮ್ಮ ಐಸಿಎಂಆರ್ ಲೆಕ್ಕ, ಸಾಮು ಮಾಡುವವರಿಗೆ ಇನ್ನಷ್ಟು. ಜಿಮ್ಮಿನವರು ತೋರಿಸುವ ಡಬ್ಬದ ಬೆಲೆ ಕೇಳಿದರೆ ಎದೆಗೆ ಬೇರೆ ವ್ಯಾಯಾಮ ಬೇಡ. ಹುರುಳಿಕಾಳು, ಮೊಳಕೆ ಹೆಸರುಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಇಷ್ಟರಲ್ಲೇ ನಮ್ಮಂಥವರದು ನಡೆಯುತ್ತದೆ.

ನೀವೂ ಸೇರುವುದಾದರೆ, ಬಿಪಿ ಗಿಪಿ ಇದ್ದರೆ ಡಾಕ್ಟರನ್ನು ಕೇಳಿ ಸೇರಿ. ಎತ್ತಿದ ತೂಕವನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಡಿ, ಸಲೀಸಾದಾಗ ಒಂದಿಷ್ಟು ಏರಿಸಿ, ಪಕ್ಕದ ಹುಡುಗನ ತೂಕವನ್ನು ಮಾತ್ರ ನೋಡಬೇಡಿ. ಒಟ್ಟಿಗೆ ವರ್ಷದ ಫೀಸು ಕಟ್ಟಿದರೆ ಅರ್ಧ ರಿಯಾಯಿತಿ, ಟೀಶರ್ಟ್ ಬೇರೆ ಫ್ರೀ ಎನ್ನುತ್ತಾರೆ. ಮೊದಲು ಒಂದು ತಿಂಗಳದ್ದು ಕಟ್ಟಿ.