ಡಿಎನ್‌ಎಸ್ ಪರ ವಕಾಲತ್ತು

ಮೈಸೂರಿನ ಆಟೋದವರಿಗೆ ‘ಹೆಬ್ಬಾಳ’ ಎಂದರೆ ಸಾಕು, ಇನ್ಫೋಸಿಸ್ ಕಡೆಗೆ ತಿರುಗಿಸುತ್ತಾರೆ. ಅದೇ ಹೆಸರನ್ನು ಬೆಂಗಳೂರಿನಲ್ಲಿ ಹೇಳಿ, ಮೇಲ್ಸೇತುವೆಯ ಟ್ರಾಫಿಕ್ಕಿನಲ್ಲಿ ಕೂತಿರುತ್ತೀರಿ. ಇಬ್ಬರು ಚಾಲಕರದೂ ತಪ್ಪಿಲ್ಲ, ಕೇಳಿದ ಊರು ಬೇರೆ. ಕಂಪನಿಯ ಒಳಗಿನ ಸರ್ವರಿನ ಹೆಸರು ಸಿಗದೆ ಡಾಕರ್ ಬಿಲ್ಡ್ ಮುರಿದುಬಿದ್ದಾಗ ಎರಡೂ ಹೆಬ್ಬಾಳಗಳ ಎಂಜಿನಿಯರುಗಳೆಲ್ಲ ಒಂದೇ ದನಿಯಲ್ಲಿ, ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ಸಿಗೆ ಶಾಪ ಹಾಕುತ್ತಾರಲ್ಲ, ಅದು ಅನ್ಯಾಯ ಎಂಬುದು ನನ್ನ ವಾದ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಆ ಪಾಪದ ವ್ಯವಸ್ಥೆ ಸುಳ್ಳು ಹೇಳಿರುವುದಿಲ್ಲ. ನಾವು ಕೇಳಬಾರದವರನ್ನು ಕೇಳಿರುತ್ತೇವೆ.

ಸಾಕ್ಷಿ ಬೇಕಾದರೆ ಉಬುಂಟು ಇರುವ ಲ್ಯಾಪ್‌ಟಾಪಿನಲ್ಲಿ ರಿಸಾಲ್ವ್.ಕಾನ್ಫ್ ಕಡತ ತೆರೆಯಿರಿ. ಸಾಮಾನ್ಯವಾಗಿ ಅಲ್ಲಿರುವುದು 127.0.0.53, ಅಂದರೆ ‘ನನ್ನನ್ನೇ ಕೇಳು’. ಬಿಲ್ಡ್ ನಡೆಯುವ ಕಂಟೇನರಿನೊಳಗೆ ಹೋದರೆ ಆ ‘ನಾನು’ ಕಂಟೇನರೇ ಆಗಿಬಿಡುತ್ತದೆ, ಅಲ್ಲಿ ಉತ್ತರಿಸಲು ಯಾರೂ ಇಲ್ಲ. ಡಾಕರ್ ಇದನ್ನರಿತು ಇಂಥ ವಿಳಾಸಗಳನ್ನು ಕಿತ್ತು, ಹಿಂದಿರುವ ನಿಜವಾದ ಪಟ್ಟಿ ಹುಡುಕುತ್ತದೆ. ಯಾರೂ ಉಳಿಯದಿದ್ದರೆ ಗೂಗಲ್‌ನ 8.8.8.8ಕ್ಕೆ ಮೊರೆ. ‘.ಇಂಟರ್ನಲ್’ ಎಂಬ ಕೊನೆಯನ್ನು ಐಕ್ಯಾನ್ 2024ರಲ್ಲಿ ಖಾಸಗಿ ಬಳಕೆಗೆಂದೇ ಮೀಸಲಿಟ್ಟಿದೆ. ಕಂಪನಿಯೊಳಗಿನ ಅಂಥ ಹೆಸರು ಕೇಳಿದರೆ ಗೂಗಲ್ ‘ಅಂಥವರಿಲ್ಲ’ ಎನ್ನುತ್ತದೆ, ಪ್ರಾಮಾಣಿಕವಾಗಿ. ಆಲ್ಪೈನ್ ಇಮೇಜಿನ ತರಲೆ ಇನ್ನೊಂದು ಬಗೆ. ಅದರ ಮಸ್ಲ್ ಲೈಬ್ರರಿ ಪಟ್ಟಿಯಲ್ಲಿರುವ ಎಲ್ಲರನ್ನೂ ಒಟ್ಟಿಗೆ ಕೇಳಿ, ಮೊದಲು ಬಾಯಿಬಿಟ್ಟವರನ್ನು ನಂಬುತ್ತದೆ. ವಿಪಿಎನ್ ಆಚೆಯ ಕಂಪನಿ ಸರ್ವರ್ ‘ಇದೆ’ ಎನ್ನುವಷ್ಟರಲ್ಲಿ ಮನೆಯ ರೌಟರ್ ‘ಇಲ್ಲ’ ಎಂದಿರುತ್ತದೆ. ಬೆಳಿಗ್ಗೆ ಪಾಸಾದ ಬಿಲ್ಡ್ ಮಧ್ಯಾಹ್ನ ಫೇಲಾಗುವುದಕ್ಕೆ ರಾಹುಕಾಲ ಕಾರಣವಲ್ಲ.

‘ನನ್ನ ಮಷೀನಿನಲ್ಲಿ ಪಿಂಗ್ ಆಗುತ್ತಲ್ಲ?’ ಆಗುತ್ತದೆ ಸ್ವಾಮಿ, ಅಲ್ಲಿ ಕೇಳಿದ್ದು ಮಷೀನು, ಕಂಟೇನರಲ್ಲ. ‘ಡಾಕರಿಗೆ ತನ್ನದೇ 127.0.0.11 ಇದೆಯಲ್ಲ?’ ಅದು ನಾವೇ ರಚಿಸಿದ ನೆಟ್‌ವರ್ಕಿನಲ್ಲಿ ಓಡುವ ಕಂಟೇನರುಗಳಿಗೆ. ಮಾಮೂಲಿ ಬಿಲ್ಡಿಗೆ ಆ ಭಾಗ್ಯವಿಲ್ಲ. ಡಾಕರ್‌ಫೈಲಿನಲ್ಲೇ ಹೋಸ್ಟ್ಸ್ ಕಡತ ತಿದ್ದುವ ಜಾಣರಿದ್ದಾರೆ. ಮುಂದಿನ ಹೆಜ್ಜೆಗೆ ಆ ತಿದ್ದುಪಡಿ ಉಳಿಯುವುದಿಲ್ಲ. ‘ನೆಟ್‌ವರ್ಕ್ ಹೋಸ್ಟ್ ಎಂದು ಹಾಕಿದರೆ ಮುಗೀತಲ್ಲ’ ಎಂಬ ಆಕ್ಷೇಪಕ್ಕೆ ಮಾತ್ರ ತೂಕವಿದೆ, ಬಹುತೇಕ ಕೆಲಸವೂ ಆಗುತ್ತದೆ. ಆದರೆ ಎಲ್ಲಿಂದಲೋ ಇಳಿಸಿಕೊಂಡ ಪ್ಯಾಕೇಜಿನ ಸ್ಕ್ರಿಪ್ಟಿಗೂ ಯಂತ್ರದ ಒಳಮನೆಯ ಬಾಗಿಲು ತೆರೆದಂತೆ. ಡೀಮನ್.ಜೇಸನ್ ಕಡತದಲ್ಲಿ ಕಂಪನಿಯ ಡಿಎನ್‌ಎಸ್ ವಿಳಾಸ ಬರೆಯುವುದೇ ಸರಿ. ಬರೆದ ಮೇಲೆ ಡಾಕರನ್ನು ರೀಸ್ಟಾರ್ಟ್ ಮಾಡಬೇಕು, ಅದಕ್ಕೆ ಅಡ್ಮಿನ್ ಅನುಮತಿ ಬೇಕು, ಅನುಮತಿಗೆ ಟಿಕೆಟ್ ಹಾಕಬೇಕು. ಟಿಕೆಟ್ ಹಾಕುವ ತಾಣದ ಹೆಸರಾದರೂ ಲ್ಯಾಪ್‌ಟಾಪಿಗೆ ಸಿಗುತ್ತದೆ, ಪುಣ್ಯಕ್ಕೆ ಅದು ಕಂಟೇನರಿನೊಳಗಿಲ್ಲ.