ಕಟ್ಟೆಮಾನ: ಯಂತ್ರಬುದ್ಧಿಯ ಅಳತೆಗೆ ಬೇಮಳಖೇಡ ಪದ್ಧತಿ

ಅಧ್ಯಾಯ 1: ಪೂರ್ವಪಕ್ಷ

ಯಂತ್ರಕ್ಕೆ ಬುದ್ಧಿ ಇದೆಯೇ, ಇದ್ದರೆ ಎಷ್ಟು, ಅದನ್ನು ಸೇರಿನಲ್ಲಿ ಅಳೆಯಬೇಕೋ ತಕ್ಕಡಿಯಲ್ಲಿ ತೂಗಬೇಕೋ ಎಂಬ ಪ್ರಶ್ನೆಯನ್ನು ವಿದ್ವತ್ ಲೋಕ ಈವರೆಗೆ ಸಂವಿಧಾನದ 371(ಜೆ) ಕಲಮಿನ ಸೌಲಭ್ಯವೂ ಇಲ್ಲದ ಮ್ಯಾಂಚೆಸ್ಟರ್, ಬೋಸ್ಟನ್ ಮುಂತಾದ ಊರುಗಳಲ್ಲಿ ಕೂತು ಚರ್ಚಿಸಿದೆ. ಆದ್ದರಿಂದಲೇ ಉತ್ತರ ಸಿಕ್ಕಿಲ್ಲ. ಮೊದಲು ಹುಮನಾಬಾದ್ ತಾಲ್ಲೂಕಿನಲ್ಲಿದ್ದು ಈಗ ಚಿಟಗುಪ್ಪಕ್ಕೆ ಸೇರಿಕೊಂಡಿರುವ, ತಾಲ್ಲೂಕು ಬದಲಾದರೂ ತನ್ನ ಅಭಿಪ್ರಾಯ ಬದಲಿಸದ ಬೇಮಳಖೇಡದಿಂದ ಈ ಕೊರತೆಯನ್ನು ನೀಗಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ಶಾಸ್ತ್ರದ ಮೂಲಸೂತ್ರ 1950ರಲ್ಲಿ ಅಲನ್ ಟ್ಯೂರಿಂಗ್ ‘ಮೈಂಡ್’ ಪತ್ರಿಕೆಗೆ ಬರೆದ ಲೇಖನ. ಒಂದು ಕೋಣೆಯಲ್ಲಿ ಮನುಷ್ಯ, ಇನ್ನೊಂದರಲ್ಲಿ ಯಂತ್ರ. ಹೊರಗೆ ಕೂತವನು ಮುಖ ನೋಡದೆ ಟೈಪು ಮಾಡಿ ಪ್ರಶ್ನೆ ಕೇಳುತ್ತಾನೆ. ಯಾರು ಯಾರೆಂದು ಅವನಿಗೆ ಗುರುತು ಹತ್ತದಿದ್ದರೆ ಯಂತ್ರ ಪಾಸು. ಮಾದರಿಗೆಂದು ಟ್ಯೂರಿಂಗ್ ಒಂದು ಲೆಕ್ಕವನ್ನೂ ಕೊಟ್ಟಿದ್ದಾರೆ: 34957ಕ್ಕೆ 70764 ಕೂಡಿಸು. ಅರ್ಧ ನಿಮಿಷ ಸುಮ್ಮನಿದ್ದು ಬರುವ ಉತ್ತರ 105621. ಕೂಡಿಸಿ ನೋಡಿ, ನೂರು ಕಡಿಮೆ. ಮನುಷ್ಯನಂತೆ ಕಾಣಬೇಕಾದ ಯಂತ್ರ ತಡವನ್ನೂ ಮಾಡಬೇಕು, ತಪ್ಪನ್ನೂ ಮಾಡಬೇಕು ಎಂದು ಇದಕ್ಕೆ ಭಾಷ್ಯ. ನಾವು ಒಪ್ಪುತ್ತೇವೆ, ಸಣ್ಣ ತಿದ್ದುಪಡಿಯೊಂದಿಗೆ. ನಮ್ಮ ಭಾಗದ ಉದ್ರಿ ಪುಸ್ತಕ ಕಂಡವರಿಗೆ ಗೊತ್ತು, ಮನುಷ್ಯ ಕೂಡಿಸುವಾಗ ಆಗುವ ತಪ್ಪು ನೂರು ಹೆಚ್ಚಿಗೇ ಆಗುತ್ತದೆ. ಕಡಿಮೆ ಬಂತೆಂದರೆ ಗಲ್ಲೆಯ ಹಿಂದೆ ಕೂತಿರುವುದು ಯಂತ್ರವೇ, ಸಂಶಯ ಬೇಡ.

ಇತ್ತೀಚಿನವರು ಕೋಣೆ ಬಿಟ್ಟು ಪ್ರಶ್ನೆಪತ್ರಿಕೆಗೆ ಬಂದಿದ್ದಾರೆ. 2020ರಲ್ಲಿ 57 ವಿಷಯಗಳಲ್ಲಿ, ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆ ತಯಾರಾಯಿತು. ಕೆಲವೇ ವರ್ಷಗಳಲ್ಲಿ ಯಂತ್ರಗಳು ಅದನ್ನು ಅರೆದು ಕುಡಿದವು. ಗಾಬರಿಯಾದ ಪರೀಕ್ಷಕರು 2025ರಲ್ಲಿ ಲೋಕದ ಪಂಡಿತರಿಂದ ಕಬ್ಬಿಣದ ಕಡಲೆಗಳನ್ನೇ ಆರಿಸಿ, 2500 ಪ್ರಶ್ನೆ ಸೇರಿಸಿ, ‘ಹ್ಯುಮ್ಯಾನಿಟೀಸ್ ಲಾಸ್ಟ್ ಎಕ್ಸಾಮ್’ ಎಂದು ಹೆಸರಿಟ್ಟರು. ಇದು ದುಡುಕು. ನಮ್ಮ ಎಸ್ಸೆಸ್ಸೆಲ್ಸಿ ಮಂಡಳಿ 2024ರಲ್ಲಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ನಡೆಸಿದರೂ ‘ಕೊನೆಯದು’ ಎಂಬ ಮಾತನ್ನು ಬಾಯಿ ಜಾರಿಯೂ ಆಡಿಲ್ಲ.

ಅಧ್ಯಾಯ 2: ಸ್ಥಳೀಯ ಪುರಾವೆ

ಬರೆಯುವ ಯಂತ್ರ ಮೊನ್ನೆ ಹುಟ್ಟಿತೆಂಬ ಭ್ರಮೆಯನ್ನು ಇಲ್ಲಿ ನಿವಾರಿಸಬೇಕಿದೆ. ಹುಮನಾಬಾದ್ ಸನಿಹದ ಜಲಸಂಗಿಯ ಗುಡಿಯ ಹೊರಗೋಡೆಯಲ್ಲಿ ಶಾಸನ ಸುಂದರಿ ಇದ್ದಾಳೆ. ಮೈ ಬಾಗಿಸಿ, ಕೈಯೆತ್ತಿ, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತಲೇ ಇದ್ದಾಳೆ. ಕರೆಂಟು ಬೇಡ, ಮಾಸಿಕ ಚಂದಾ ಬೇಡ. ಬರೆದದ್ದನ್ನೇ ತೋರಿಸುತ್ತಾಳೆ, ಮಾಲೀಕನನ್ನು ಮಾತ್ರ ಹೊಗಳುತ್ತಾಳೆ, ನಿಜವೇನೆಂದು ಕೇಳಿದರೆ ಮುಗುಳ್ನಗುತ್ತಾಳೆ. ಈಗಿನ ಯಂತ್ರಗಳು ಇದಕ್ಕಿಂತ ಎಷ್ಟು ಮುಂದೆ ಹೋಗಿವೆ ಎಂಬುದನ್ನು ವಿದ್ವಜ್ಜನರ ವಿವೇಚನೆಗೆ ಬಿಟ್ಟಿದೆ.

ಅಧ್ಯಾಯ 4: ಮಾನನಿರ್ಣಯ
(ಅಧ್ಯಾಯ 3 ಟೈಪಿಂಗ್‌ಗೆ ಕೊಟ್ಟಲ್ಲೇ ಇದೆ.)

ನಮ್ಮ ಮೂಲಮಾನ ‘ಒಂದು ಕಟ್ಟೆ’. ಊರ ಕಟ್ಟೆಯ ಮುಂದೆ ಹಾದುಹೋಗುವವನ ಮೇಲೆ ಒಂದು ಪ್ರಶ್ನೆ ಬೀಳುತ್ತದೆ. ಹೊರಟವನನ್ನು ಎಲ್ಲಿಗೆಂದು ಕೇಳಬಾರದು, ಅಪಶಕುನ. ಕೇಳುವವನಿಗೂ ಇದು ಗೊತ್ತು. ಆದರೂ ಮಾತಾಡಿಸದಿದ್ದರೆ ಸೊಕ್ಕು, ಉತ್ತರ ಕೊಡದಿದ್ದರೆ ಇನ್ನೂ ಸೊಕ್ಕು. ಆಗ ನಡೆಯುವ ಸಂವಾದ ಹೀಗೆ:

‘ಎಲ್ಲಿ ಹೊಂಟೀರಿ ಮಾಮಾ?’

‘ಇಲ್ಲೇ, ಹಿಂಗ.’

‘ಊಟ ಆತೇನ್ರಿ?’

‘ಆದಂಗೇ.’

‘ಮಳಿ ಬರಬೇಕಿತ್ತ್ ನೋಡ್ರಿ.’

‘ಬರ್ತದ ತಗೋ, ಎಲ್ಲಿಗ್ ಹೋಗ್ತದ.’

ಮೇಲ್ನೋಟಕ್ಕೆ ಇಲ್ಲಿ ಮಾಹಿತಿ ಸೊನ್ನೆ. ಆದರೆ ಮಾಮಾ ಮೂಲೆ ತಿರುಗುವ ಮೊದಲೇ ಕಟ್ಟೆಗೆ ಎಲ್ಲ ತಿಳಿದಿದೆ. ಇಸ್ತ್ರಿಯ ಅಂಗಿ, ಕಂಕುಳಲ್ಲಿ ಪಾಸ್‌ಬುಕ್ಕಿನ ಕೈಚೀಲ, ಮಳೆಯ ಮಾತಿಗೆ ನಿಟ್ಟುಸಿರಿಲ್ಲ, ಅಂದರೆ ಬೆಳೆವಿಮೆ ಜಮಾ ಆಗಿದೆ, ‘ತಗೋ’ ಎಂದದ್ದು ಸ್ವಲ್ಪ ಜೋರಾಯಿತು, ಅಂದರೆ ಕೈಗಡ ಕೇಳಬೇಡ. ಸಂಜೆ ಯಾರು ಯಾರು ಕೇಳಲು ಹೋಗಬೇಕೆಂಬುದೂ ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ. ಈ ಒಟ್ಟು ವ್ಯವಹಾರಕ್ಕೆ ಬೇಕಾಗುವ ಬುದ್ಧಿಯೇ ಒಂದು ಕಟ್ಟೆ.

ಇದೇ ಪ್ರಶ್ನೆ ಮೊಬೈಲಿನೊಳಗಿನ ಬುದ್ಧಿವಂತ ಸಹಾಯಕನಿಗೆ ಬಿತ್ತು. ಅದು ಶುದ್ಧ ಗ್ರಾಂಥಿಕ ಕನ್ನಡದಲ್ಲಿ, ಹೆಂಗಸರು ಮಕ್ಕಳು ಕೇಳುವಷ್ಟು ಗಟ್ಟಿಯಾಗಿ, ಮಾಲೀಕ ಹೊರಟ ಬ್ಯಾಂಕಿನ ಹೆಸರು, ಶಾಖೆ, ದಾರಿ, ತಲುಪುವ ಹೊತ್ತು ಎಲ್ಲವನ್ನೂ ಸಾರಿತು. ಅಂಕ: ಸೊನ್ನೆ. ನೆಗೆಟಿವ್ ಮಾರ್ಕ್ಸ್ ಬೇಡವೇನೆಂದು ಹಿರಿಯರೊಬ್ಬರು ಕೇಳಿದ್ದಾರೆ; ಪರಿಶೀಲನೆಯಲ್ಲಿದೆ.

ಅಧ್ಯಾಯ 5: ಯಂತ್ರವೂ ಕೂಲಿಯೂ

2013ರಲ್ಲಿ ಆಕ್ಸ್‌ಫರ್ಡಿನ ಫ್ರೇ ಮತ್ತು ಆಸ್ಬೋರ್ನ್ 702 ಉದ್ಯೋಗಗಳನ್ನು ಸಾಲಾಗಿ ನಿಲ್ಲಿಸಿ, ಅಮೆರಿಕದ ಕೆಲಸಗಳಲ್ಲಿ ಶೇ 47ರಷ್ಟಕ್ಕೆ ಯಂತ್ರದ ಗಂಡಾಂತರ ಹೆಚ್ಚೆಂದು ಸಾರಿದರು. ಫೋನಿನಲ್ಲಿ ಸರಕು ಮಾರುವವರಿಗೆ ಶೇ 99. ಆ ಪಟ್ಟಿಯಲ್ಲಿ ಬಾಂದಿನ ಜಗಳಕ್ಕೆ ಪಂಚರಾಗುವವರು, ಮದುವೆ ಮಾತುಕತೆಯಲ್ಲಿ ಹಿರಿಯರೆಂದು ಕೂತು ಚಹಾ ಕುಡಿಯುವವರು ಇಲ್ಲ. ಬೇಮಳಖೇಡದ ಅರ್ಧ ಅರ್ಥವ್ಯವಸ್ಥೆಯೇ ಬಿಟ್ಟುಹೋಗಿದೆ.

ಅದಕ್ಕೂ ಮೊದಲು, 1988ರಲ್ಲಿ, ಹ್ಯಾನ್ಸ್ ಮೊರಾವೆಕ್ ಸಮಾಧಾನದ ಮಾತೊಂದನ್ನು ಹೇಳಿದ್ದರು: ಚೆಕರ್ಸ್ ಆಟ ಯಂತ್ರಕ್ಕೆ ಸುಲಭ, ವರ್ಷದ ಕೂಸಿನ ಕೈಕಾಲಿನ ಚುರುಕು ಕಷ್ಟ. ಸೋಯಾ ಹೊಲದಲ್ಲಿ ಕಸ ತೆಗೆಯುವುದನ್ನು ನೋಡಿದವರು ಇದನ್ನು ಒಪ್ಪಲೇಬೇಕು. ಕುಕ್ಕರುಗಾಲಿನಲ್ಲಿ ಕೂತಾಕೆ ಎಡಗೈಯಿಂದ ಎಲೆ ಸರಿಸುತ್ತಾಳೆ. ಬಲಗೈಯ ಕುರ್ಪಿ ಕಸದ ಬೇರಿನಡಿ ಹೋಗಿ, ಒಂದು ತಿರುವು ತಿರುಗಿ, ಪಕ್ಕದ ಸಸಿಯ ಮಣ್ಣು ಅಲುಗದಂತೆ ಹೊರಬರುತ್ತದೆ. ಕಣ್ಣು ಅಲ್ಲಿಲ್ಲ. ಕಣ್ಣು ಪಕ್ಕದ ಸಾಲಿನಾಕೆಯ ಮೇಲೆ, ಬಾಯಿ ಆಕೆಯ ಸೊಸೆಯ ಮೇಲೆ. ಕೋಟಿ ರೂಪಾಯಿಯ ರೋಬೋಟಿಗೆ ಈ ಕೈ ಬಂದೀತು, ಆ ಬಾಯಿ ಬಾರದು.

ಶಾಸ್ತ್ರಪ್ರಕಾರ ಈ ಕೈಯನ್ನು ಸೋಲಿಸಲು ಮಹಾಬುದ್ಧಿಯೇ ಬರಬೇಕಿತ್ತು. ಬಂದದ್ದು ಕಳೆನಾಶಕದ ಡಬ್ಬಿ. ಬಿತ್ತಿದ ಎರಡು ಮೂರು ವಾರಕ್ಕೆ ಬೆನ್ನಿಗೆ ಪಂಪು ಕಟ್ಟಿಕೊಂಡು ಒಬ್ಬ ಗಂಡಾಳು ಸಾಲು ಸಾಲು ಹೊಡೆದು ಹೋದರೆ, ಒಂದು ಗುಂಪು ಹೆಂಗಸರ ಕೂಲಿ ಮುಗಿಯಿತು. ಡಬ್ಬಿಯ ಬುದ್ಧಿಮಟ್ಟವನ್ನು ಟ್ಯೂರಿಂಗ್ ಪದ್ಧತಿಯಲ್ಲೂ ಕಟ್ಟೆ ಪದ್ಧತಿಯಲ್ಲೂ ಅಳೆಯಲಾಗಿದೆ: ಸೊನ್ನೆ, ಸೊನ್ನೆ. ಅತ್ತ ವಕೀಲಿ ಪರೀಕ್ಷೆ ಪಾಸಾದ ಯಂತ್ರ ಮೊಬೈಲಿನಲ್ಲಿ ಕೂತು ಹುಟ್ಟುಹಬ್ಬದ ಶುಭಾಶಯ ಬರೆಯುತ್ತಿದೆ. ಇದರಿಂದ ಸಿದ್ಧವಾಗುವುದೇ ಬೇಮಳಖೇಡದ ಮೊದಲನೆಯ ನಿಯಮ: ಯಂತ್ರದ ಬುದ್ಧಿಗೂ ಅದು ಕಸಿಯುವ ಕೂಲಿಗೂ ಸಂಬಂಧವಿಲ್ಲ. ಎರಡನೆಯ ನಿಯಮ, ಮೊದಲನೆಯದನ್ನು ಯಾರಾದರೂ ಓದಿದ ಮೇಲೆ ಪ್ರಕಟವಾಗುವುದು.

ಇನ್ನು ಸಲಿಕೆ, ಬುಟ್ಟಿ. ಯಂತ್ರ ಬಂದು ಇವನ್ನು ಕೈಯಿಂದ ಇಳಿಸೀತೆಂದು ಉದ್ಯೋಗ ಖಾತ್ರಿಯವರು ಕಾಯುತ್ತಿದ್ದರು. ಬಂದ ಯಂತ್ರ ಮಣ್ಣು ಮುಟ್ಟಲಿಲ್ಲ. ನೆಟ್ಟಗೆ ಮೇಸ್ತ್ರಿಯ ಕೆಲಸಕ್ಕೆ ಸೇರಿತು. 2023ರ ಜನವರಿ 1ರಿಂದ ಎನ್‌ಎಂಎಂಎಸ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೋ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ನಮ್ಮ ರಾಜ್ಯದಲ್ಲಿ ಆ ಫೋಟೋ ತೆಗೆಯುವ ಮೇಟಿಗೆ ‘ಕಾಯಕ ಬಂಧು’ ಎಂದು ಹೆಸರು. ಬಸವಕಲ್ಯಾಣ ಹತ್ತಿರದಲ್ಲೇ ಇರುವುದರಿಂದ ನಾವು ಹೆಚ್ಚೇನೂ ಹೇಳುವುದಿಲ್ಲ. 2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ದೇಶದಲ್ಲಿ ಈ ಯಂತ್ರಕ್ಕೆ ಏನೇನು ಉಣಿಸಲಾಗುತ್ತಿದೆ ಎಂದು ಪಟ್ಟಿ ಮಾಡಿತು: ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರ, ಫೋಟೋದ ಫೋಟೋ, ಪಟ್ಟಿಗೆ ತಾಳೆಯಾಗದ ಗಂಡು ಹೆಣ್ಣಿನ ಲೆಕ್ಕ. ಪರಿಹಾರ? ಆ ಫೋಟೋಗಳನ್ನು ಗ್ರಾಮ ಪಂಚಾಯಿತಿಯಲ್ಲಿ ಮನುಷ್ಯರೇ ಕೂತು ನೋಡಬೇಕು. ಮನುಷ್ಯರನ್ನು ನೋಡಲು ಯಂತ್ರ, ಯಂತ್ರವನ್ನು ನೋಡಲು ಮನುಷ್ಯ. ಉದ್ಯೋಗ ಸೃಷ್ಟಿ ಎಂದರೆ ಇದೇ ಎಂದು ಅರ್ಥಶಾಸ್ತ್ರಜ್ಞರು ಬಹಳ ದಿನದಿಂದ ಹೇಳುತ್ತಿದ್ದರು, ನಮಗೆ ಹೊಳೆದಿರಲಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇನ್ನೊಂದು ಅಳತೆಯಿತ್ತು. ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು, ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು. ‘ಸಾಕು’ ಎನ್ನುವ ಯಂತ್ರವನ್ನು ಈವರೆಗೆ ಯಾರೂ ಮಾಡಿಲ್ಲ, ಈ ಪರೀಕ್ಷೆಯನ್ನು ಯಾವ ಪ್ರಶ್ನೆಪತ್ರಿಕೆಯೂ ಸೇರಿಸಿಲ್ಲ. ಸೇರಿಸಿದರೆ ಯಂತ್ರಕ್ಕಿಂತ ಮೊದಲು ಅದರ ಕಂಪನಿಯವರು ಬರೆಯಬೇಕಾಗುತ್ತದೆ.

ಅನುಬಂಧ: ಪ್ರಕಟಣೆ

ಕಟ್ಟೆಮಾನದ ನಿರ್ಣಾಯಕರ ಹುದ್ದೆಗೆ ಅರ್ಜಿ ಕರೆಯಲಾಗಿದೆ. ದಿನವಿಡೀ ಕೂತು ಅನುಭವವಿರಬೇಕು. ಗೌರವಧನ ಎರಡು ಹೊತ್ತಿನ ಚಹಾ; ಎಳ್ಳಮಾಸಿಯ ದಿನ ಹೊಲಕ್ಕೆ ಬಜ್ಜಿ ಉಣ್ಣಲು ಹೋಗಬೇಕಾದ್ದರಿಂದ ರಜೆ. ಯಂತ್ರಗಳೂ ಅರ್ಜಿ ಹಾಕಬಹುದು, ಅಡ್ಡಿಯಿಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ತಮ್ಮ ಫೋಟೋ ತಾವೇ ತೆಗೆದು ಕಳಿಸತಕ್ಕದ್ದು. ಫೋಟೋದ ಫೋಟೋ ನಡೆಯುವುದಿಲ್ಲ.